ತಳ ನೋಡಿ, ಆಮೇಲೆ ಬೆಲೆ ಮಾತಾಡಿ

ಪ್ರಶ್ನೆ: ಸರ್, ಇಲ್ಲಿನ ಹಳೇ ಸಾಮಾನಿನ ಅಂಗಡಿಯಲ್ಲಿ ದಪ್ಪ ಗಾಜಿನ ಹೂದಾನಿ ಕೊಂಡೆ. ನೀಲಿ, ಹಸಿರು, ಮರಳಿನ ಬಣ್ಣ ಬೆರೆತಿದೆ. ತಳದಲ್ಲಿ ‘ಮ್ದಿನಾ’ ಎಂದು ಕೊರೆದಿದ್ದಾರೆ. ಹಳೆಯದಾ? ಬೆಲೆ ಬಾಳುತ್ತಾ?
- ಓದುಗರೊಬ್ಬರು, ಲೆಸ್ಟರ್, ಇಂಗ್ಲೆಂಡ್

ಉತ್ತರ: ಒಳ್ಳೇ ಕಣ್ಣು ನಿಮ್ಮದು! ಅದು ಮಾಲ್ಟಾ ದ್ವೀಪದ ಗಾಜು. ಮೈಕೆಲ್ ಹ್ಯಾರಿಸ್ ಎಂಬ ಇಂಗ್ಲಿಷ್ ಕಲಾವಿದ 1968ರಲ್ಲಿ ಅಲ್ಲಿ ‘ಮ್ದಿನಾ’ ಹೆಸರಿನ ಗಾಜಿನ ಸ್ಟುಡಿಯೋ ತೆರೆದರು. ಬಣ್ಣಗಳೆಲ್ಲ ಅಲ್ಲಿನ ಸಮುದ್ರ, ಮರಳಿನವೇ. 1972ರಲ್ಲಿ ಅವರು ಮಾಲ್ಟಾ ಬಿಟ್ಟು ಬಂದು, ಆಮೇಲೆ ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ ಬೇರೆ ಸ್ಟುಡಿಯೋ ಶುರು ಮಾಡಿದರು. ಮ್ದಿನಾ ಗಾಜು ಮಾತ್ರ ಇವತ್ತಿಗೂ ತಯಾರಾಗುತ್ತಿದೆ. ಹಾಗಾಗಿ ಹೆಸರೊಂದನ್ನೇ ನೋಡಿ ವಯಸ್ಸು ಹೇಳೋಕಾಗಲ್ಲ.

ಹೂದಾನಿಯನ್ನು ಬೋರಲು ಹಾಕಿ. ಗಾಜು ಊದುವಾಗ ತಳವನ್ನು ಕಬ್ಬಿಣದ ಸರಳಿಗೆ ಅಂಟಿಸಿರುತ್ತಾರೆ. ಅದನ್ನು ಮುರಿದು ಬಿಡಿಸಿದ ಗುರುತು ನಡುವೆ ಇದೆಯಾ? ಇದ್ದರೆ ಕೈಕೆಲಸವೆಂದು ನಂಬಬಹುದು. ಆದರೆ ಅದನ್ನು ಉಜ್ಜಿ ನಯ ಮಾಡುವುದೂ ಉಂಟು, ಇಲ್ಲವೆಂದು ಬೇಜಾರಾಗಬೇಡಿ. ಆಮೇಲೆ ಮೇಜಿಗೆ ತಾಗುವ ಅಂಚು ನೋಡಿ. ವರ್ಷಗಟ್ಟಲೆ ಬಳಸಿದ್ದಾದರೆ ಸಣ್ಣ ಗೀರುಗಳು ದಿಕ್ಕುದಿಕ್ಕಿಗೆ ಇರುತ್ತವೆ. ಎಲ್ಲಾ ಒಂದೇ ಕಡೆಗಿದ್ದರೆ ಯಾರೋ ಮರಳುಕಾಗದ ಉಜ್ಜಿದ್ದಾರೆ ಅಂತ ನನಗೆ ಅನುಮಾನ. ಮಾರುವವರ ಕಥೆಗಿಂತ ಈ ಗೀರುಗಳನ್ನೇ ನಾನು ಜಾಸ್ತಿ ನಂಬುತ್ತೇನೆ!

ಹ್ಯಾರಿಸ್ ಅವರದೇ ಸಹಿ ಇರುವ ಹೂದಾನಿಗಳು ಅಪರೂಪ, ಸಂಗ್ರಹಕಾರರು ಅವಕ್ಕೆ ಮುಗಿಬೀಳುತ್ತಾರೆ. ಬರೀ ‘ಮ್ದಿನಾ’ ಎಂದಿದ್ದರೆ ಸಾಮಾನ್ಯವಾಗಿ ಸಾಧಾರಣ ಬೆಲೆ. ಬಾಯಿಯ ಅಂಚು ಒಡೆದಿದ್ದರೆ ಇನ್ನೂ ಕಡಿಮೆ. ಪಾತ್ರೆ ತೊಳೆಯುವ ಯಂತ್ರಕ್ಕೆ ಮಾತ್ರ ಹಾಕಬೇಡಿ, ಗಾಜು ಮಂಕಾಗುತ್ತದೆ. ತಳದ ಫೋಟೋ ಕಳಿಸಿ, ನೋಡಿ ಹೇಳುತ್ತೇನೆ.