ಮುಂಬೈ ಮಾಟುಂಗಾದ ಮಕ್ಕಳಿಗೆ ಜಾಜ್ ಕೇಳಿಸುವ ಬಗ್ಗೆ

ಭಾನುವಾರದ ಕನ್ನಡ ತರಗತಿಯ 50 ಮಕ್ಕಳಿಗೆ ಲೈವ್ ಜಾಜ್ ಕೇಳಿಸಬೇಕು, ಇತಿಹಾಸದ ಪಿಪಿಟಿ ರೆಡಿ ಇದೆ ಅಂದಿದ್ದೀರಿ. ಪಿಪಿಟಿ ಮನೆಯಲ್ಲೇ ಬಿಟ್ಟು ಬನ್ನಿ! ನಾವು ಪುಣೆಯ ಒಂದು ಶಾಲೆಯಲ್ಲಿ ಮೊದಲ ಸಲ ಮಾಡಿದಾಗ ನಾನೇ 25 ನಿಮಿಷ ಮಾತಾಡಿದ್ದೆ. ವಾದ್ಯ ಶುರುವಾಗುವ ಹೊತ್ತಿಗೆ ಹಿಂದಿನ ಸಾಲಿನವರು ಡಬ್ಬಿ ಬಿಚ್ಚಿದ್ದರು.

ಮೂರು ಜನ ಸಾಕು: ಸ್ಯಾಕ್ಸೋಫೋನ್, ಡಬಲ್ ಬಾಸ್ (ತಗ್ಗು ಸ್ವರದ ದೊಡ್ಡ ತಂತಿ ವಾದ್ಯ), ಡ್ರಮ್ಸ್. ವೇದಿಕೆ ಬೇಡ. ಮಕ್ಕಳು ನೆಲದ ಮೇಲೆ ಅರ್ಧ ಸುತ್ತು ಕೂರಲಿ. ಮೈಕ್ ಕೂಡ ಬೇಡ, ಬಾಸ್‌ನ ನಡುಕ ಕಾಲಿಗೆ ಬರಬೇಕು ಅಲ್ವಾ. ಡ್ರಮ್ಸ್‌ನವರಿಗೆ ಮಾತ್ರ ಕೋಲು ಬಿಟ್ಟು ತಂತಿ ಎಳೆಗಳ ಬ್ರಷ್ ತರಲು ಹೇಳಿ, ಸಣ್ಣ ಹಾಲ್‌ನಲ್ಲಿ ಕಿವಿ ನೋಯುತ್ತದೆ.

ಮೊದಲು ಚಪ್ಪಾಳೆ. ಒಂದು-ಎರಡು-ಮೂರು-ನಾಲ್ಕು ಎಣಿಸಿದರೆ ನಮ್ಮ ಮಕ್ಕಳ ಕೈ ತಾನಾಗಿಯೇ ಒಂದಕ್ಕೆ ಬೀಳುತ್ತದೆ. ಜಾಜ್‌ನಲ್ಲಿ ಎರಡಕ್ಕೂ ನಾಲ್ಕಕ್ಕೂ ಬೀಳಬೇಕು. ಐದು ನಿಮಿಷ ಗಲಾಟೆ ಆಗುತ್ತದೆ, ಆಗಲಿ. ಒಮ್ಮೆ ಸರಿ ಕೂತ ಮೇಲೆ ಸ್ಯಾಕ್ಸೋಫೋನ್‌ನವರು ಒಂದು ಸಣ್ಣ ತುಣುಕು ನುಡಿಸುತ್ತಾರೆ, ಮಕ್ಕಳು ಬಾಯಲ್ಲಿ ತಿರುಗಿ ಹೇಳುತ್ತಾರೆ. ಭಜನೆಯಲ್ಲಿ ಒಬ್ಬರು ಹೇಳಿ ಉಳಿದವರು ಎತ್ತಿಕೊಳ್ಳುವ ಹಾಗೇ.

ಆಮೇಲೆ ಇಡೀ ಕಾರ್ಯಕ್ರಮದ ಜೀವ. "ಇಲ್ಲೇ ಹುಟ್ಟಿಸಿ ನುಡಿಸುವುದು" ಅಂದರೆ ಏನು ಅಂತ ವಿವರಿಸಲು ನಾನು ಬಹಳ ಒದ್ದಾಡಿದ್ದೆ. ಕೊನೆಗೆ ಸಿಕ್ಕಿದ್ದು ತಾಳಮದ್ದಳೆ, ವೇಷ-ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ. ಹಾಡುವ ಭಾಗವತರ ಪದ್ಯ ಬದಲಾಗುವುದಿಲ್ಲ, ಪಾತ್ರವಾಗಿ ಅದರ ಅರ್ಥ ಹೇಳುವ ಅರ್ಥಧಾರಿ ಆಡುವ ಮಾತು ಮಾತ್ರ ದಿನಕ್ಕೊಂದು. ಜಾಜ್‌ನಲ್ಲೂ ಮೊದಲು ಎಲ್ಲರೂ ಸೇರಿ ಹಾಡಿನ ಧಾಟಿ ನುಡಿಸುತ್ತಾರೆ, ಆಮೇಲೆ ಒಬ್ಬೊಬ್ಬರೇ ಅದರ ಮೇಲೆ ತಮ್ಮ "ಅರ್ಥ" ಹೇಳುತ್ತಾರೆ, ಕೊನೆಗೆ ಮತ್ತೆ ಆ ಧಾಟಿಗೆ ಬರುತ್ತಾರೆ. ಕರಾವಳಿ ಕಡೆಯ ಮಕ್ಕಳಿಗೆ ತಟ್ಟನೆ ಹೊಳೆಯುತ್ತದೆ. ಆಮೇಲೆ ಅವರಿಗೇ ಬಿಡಿ. ಮೋಹನ ರಾಗದ ಐದು ಸ್ವರ, ಸ ರಿ ಗ ಪ ದ, ಇಷ್ಟರಲ್ಲೇ ಏನಾದರೂ ಹಾಡಲಿ. ಬಾಸ್ ಕೆಳಗಿನಿಂದ ಹಿಡಿದುಕೊಂಡಿರುತ್ತದೆ, ಈ ಐದರಲ್ಲಿ ಯಾವುದು ಹಾಡಿದರೂ ಕರ್ಕಶ ಅನ್ನಿಸುವುದಿಲ್ಲ. ಸಂಗೀತ ಕಲಿಯುತ್ತಿರುವ ಮಕ್ಕಳೇ ಇಲ್ಲಿ ಜಾಸ್ತಿ ಹೆದರುತ್ತಾರೆ, ಮೊದಲು ಅವರನ್ನು ಕರೆಯಬೇಡಿ.

ಇತಿಹಾಸ ಬೇಕೇ ಬೇಕು ಅಂದರೆ ಎರಡು ಕಥೆ ಸಾಕು. ಮುಂಬೈಯಲ್ಲಿ ಟ್ರಂಪೆಟ್ ನುಡಿಸುತ್ತಿದ್ದ ಗೋವಾದವರೊಬ್ಬರ ಹೆಸರು ಚಿಕ್ ಚಾಕೊಲೇಟ್. ಹೆಸರಿಗೇ ಮಕ್ಕಳು ನಗುತ್ತಾರೆ. ಹಿಂದಿ ಸಿನಿಮಾ ಹಾಡುಗಳಲ್ಲೂ ನುಡಿಸಿದವರು. ಇನ್ನೊಬ್ಬರು ನಮ್ಮವರೇ, ಬಂಟ್ವಾಳ ಕಡೆಯ ಕದ್ರಿ ಗೋಪಾಲನಾಥ್. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾಗಿ, ಅದರಲ್ಲೇ ಕರ್ನಾಟಕ ಸಂಗೀತ ನುಡಿಸಿದರು. 1980ರಲ್ಲಿ ಇದೇ ಮುಂಬೈಯ ಜಾಜ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಇವರನ್ನು ಕೇಳಿ ಜೊತೆಗೆ ನುಡಿಸಿದ್ದರು.

ಟ್ರಂಪೆಟ್‌ನವರು ಸಿಕ್ಕರೆ ಬಾತ್‌ರೂಮ್ ಬ್ಲಾಕ್ ತೆಗೆಯುವ ರಬ್ಬರ್ ಬಟ್ಟಲು, ಹೊಸದು, ಒಂದು ತಂದಿಡಿ. ಅದನ್ನು ಟ್ರಂಪೆಟ್‌ನ ಅಗಲ ಬಾಯಿಗೆ ಅಡ್ಡ ಹಿಡಿದು ತೆಗೆದರೆ ಟ್ರಂಪೆಟ್ "ವಾ ವಾ" ಅಂತ ಅಳುತ್ತದೆ. ಜಾಜ್‌ನವರು ನಿಜವಾಗಿಯೂ ಬಳಸುವ ಸಾಮಾನು ಅದು.

ಒಟ್ಟು 45 ನಿಮಿಷ, ಊಟಕ್ಕೆ ಮುಂಚೆ ಬೇಡ. ಹಾಲ್ ಯಾವ ಮಹಡಿಯಲ್ಲಿದೆ ಅಂತ ಬರೆಯಿರಿ. ಡಬಲ್ ಬಾಸ್ ಆಳಿಗಿಂತ ಎತ್ತರ ಇರುತ್ತದೆ, ಹಳೇ ಬಿಲ್ಡಿಂಗ್ ಲಿಫ್ಟ್‌ನಲ್ಲಿ ಹಿಡಿಸುವುದಿಲ್ಲ. ಮೆಟ್ಟಿಲು ಹತ್ತಿಸಲು ಇಬ್ಬರು ಬೇಕು.