ಆರ್ಕ್ಟಿಕ್ ಉಳಿಸಲು ಸಹಿ ಸಂಗ್ರಹ ಮಾಡಲಾ, ಹಣ ಕೊಡಲಾ?

ಅಯ್ಯೋ, ಇದೇ ಪ್ರಶ್ನೆ ಇಟ್ಟುಕೊಂಡು 2015ರಲ್ಲಿ ನಾನೂ ಒದ್ದಾಡಿದ್ದೆ. ಆಗ ಉತ್ತರ ಧ್ರುವದ ಸುತ್ತಲಿನ ಆರ್ಕ್ಟಿಕ್‌ನಲ್ಲಿ, ಅಮೆರಿಕದ ಅಲಾಸ್ಕಾ ಪಕ್ಕದ ಚುಕ್ಚಿ ಸಮುದ್ರದಲ್ಲಿ ಶೆಲ್ ಕಂಪನಿ ಎಣ್ಣೆಗಾಗಿ ಬಾವಿ ಕೊರೆಯುತ್ತಿತ್ತು. ಅದನ್ನು ನಿಲ್ಲಿಸಿ ಅಂತ ಸಹಿ ಸಂಗ್ರಹಿಸೋಣ ಅಂತ ನಾನು ತೀರ್ಮಾನ ಮಾಡಿದೆ. ರಾತ್ರಿಯೆಲ್ಲ ಕೂತು ದೊಡ್ಡದೊಂದು ಬೋರ್ಡ್ ಬರೆದು ಕಾಲೇಜಿನಲ್ಲಿ ನಿಲ್ಲಿಸಿದೆ: 'ಆರ್ಕ್ಟಿಕ್ ಸಮುದ್ರದ ಐಸ್ ಕರಗಿದರೆ ಊರುಗಳು ಮುಳುಗುತ್ತವೆ.'

ಮೂರನೇ ದಿನ ಒಬ್ಬ ಹುಡುಗಿ ಬಂದು ಅದನ್ನು ಓದಿದಳು. ಏನೂ ಮಾತಾಡಲಿಲ್ಲ. ಗಾಜಿನ ಲೋಟದಲ್ಲಿ ನೀರು ತಂದು, ಎರಡು ಐಸ್ ತುಂಡು ಹಾಕಿ, ನೀರು ಎಲ್ಲಿಗೆ ಬಂದಿತ್ತೋ ಅಲ್ಲಿಗೆ ಪೆನ್ನಿನಲ್ಲಿ ಗೆರೆ ಎಳೆದು ನನ್ನ ಮೇಜಿನ ಮೇಲಿಟ್ಟಳು. ಐಸ್ ಪೂರ್ತಿ ಕರಗಿತು. ನೀರು ಗೆರೆ ದಾಟಲೇ ಇಲ್ಲ.

ನನ್ನ ತಪ್ಪು ಸರಿಯಾಗಿ ಅರ್ಥ ಮಾಡಿಕೊಳ್ಳಿ. ತೇಲುವ ಐಸ್ ತನ್ನ ತೂಕದಷ್ಟು ನೀರನ್ನು ಆಗಲೇ ಪಕ್ಕಕ್ಕೆ ತಳ್ಳಿರುತ್ತದೆ. ಕರಗಿದ ಮೇಲೂ ಅಷ್ಟೇ ಜಾಗ ಸಾಕು. ಸಮುದ್ರದಲ್ಲಿ ಉಪ್ಪಿರುವುದರಿಂದ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತದೆ, ಅಷ್ಟೇ. ಸಮುದ್ರ ಏರಿಸುವುದು ನೆಲದ ಮೇಲೆ ಕೂತಿರುವ ಐಸ್. ಗ್ರೀನ್‌ಲ್ಯಾಂಡಿನದು ಪೂರ್ತಿ ಕರಗಿದರೆ ಸುಮಾರು 7 ಮೀಟರ್! ಹಾಗಾದರೆ ತೇಲುವ ಐಸ್ ಹೋದರೆ ಹೋಗಲಿ ಅಂತಲ್ಲ. ಅದು ಬೆಳ್ಳಗಿದ್ದು ಬಿಸಿಲನ್ನು ವಾಪಸ್ ಕಳಿಸುತ್ತದೆ, ಅದು ಹೋದ ಕಡೆ ಕಪ್ಪು ನೀರು ಬಿಸಿಲನ್ನು ಹೀರಿಕೊಂಡು ಇನ್ನಷ್ಟು ಐಸ್ ಕರಗಿಸುತ್ತದೆ. 1979ರಿಂದ ಈಚೆಗೆ ಆರ್ಕ್ಟಿಕ್ ಇಡೀ ಭೂಮಿಯ ಸರಾಸರಿಗಿಂತ ಹೆಚ್ಚುಕಮ್ಮಿ ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ, ಅದಕ್ಕೆ ಇದೂ ಒಂದು ಕಾರಣ. ಬೋರ್ಡಿನಲ್ಲಿ ಬರೆಯಬೇಕಾಗಿದ್ದದ್ದು ಇದನ್ನು.

ಆಮೇಲೆ ನನ್ನ ನಿಜವನ್ನೂ ಯಾರೂ ನಂಬಲಿಲ್ಲ. 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನಿಂದ ಸುಮಾರು 4 ಕೋಟಿ ಲೀಟರ್ ಎಣ್ಣೆ ಚೆಲ್ಲಿತು, ಇಪ್ಪತ್ತು ವರ್ಷ ಕಳೆದರೂ ದಡದ ಕಲ್ಲುಗಳ ಕೆಳಗೆ ಎಣ್ಣೆ ಸಿಗುತ್ತಿತ್ತು, ಐಸ್ ಕೆಳಗೆ, ತಿಂಗಳುಗಟ್ಟಲೆ ಕತ್ತಲಲ್ಲಿ ಚೆಲ್ಲಿದರೆ ಬಳಿಯುವವರು ಯಾರು ಅಂತ ಕೇಳಿದೆ. 'ಇದೂ ಬೋರ್ಡಿನ ಥರಾನಾ?' ಅಂದರು. ಕೆಲವರು ಹಾಕಿದ ಸಹಿಯನ್ನೂ ಹೊಡೆದು ಹಾಕಿದರು. ಇವತ್ತಿಗೂ ಅದು ನೋಯುತ್ತದೆ.

ಸಹಿಯಾ ಹಣವಾ ಅನ್ನುವ ಲೆಕ್ಕವನ್ನೇ ಬಿಡಿ ಅಂತೀನಿ. ಆ ವರ್ಷ ಸೆಪ್ಟೆಂಬರಿನಲ್ಲಿ ಶೆಲ್ ವಾಪಸ್ ಹೋಯಿತು. ಅಂದುಕೊಂಡಷ್ಟು ಎಣ್ಣೆ ಸಿಗಲಿಲ್ಲ, ಖರ್ಚು ಜಾಸ್ತಿ. 2025ರ ಜನವರಿಯಲ್ಲಿ ಅಲಾಸ್ಕಾದ ಆರ್ಕ್ಟಿಕ್ ವನ್ಯಧಾಮದಲ್ಲಿ ಎಣ್ಣೆಗಾಗಿ ಜಾಗ ಹರಾಜಿಗಿಟ್ಟಾಗ ಒಬ್ಬರೂ ಕೂಗಲಿಲ್ಲ. ಎಣ್ಣೆ ಕೊಳ್ಳುವವರು ಕಡಿಮೆಯಾದಷ್ಟೂ ಅಲ್ಲಿ ಕೊರೆಯುವುದು ನಷ್ಟದ ಬಾಬತ್ತೇ, ಅಲ್ವಾ? ಹಾಗಾಗಿ ನಾವು ಎಣ್ಣೆ ಉರಿಸುವುದನ್ನು ಕಡಿಮೆ ಮಾಡುವ ಮಾತೇ ಮೊದಲು ಬರಬೇಕು.

ಸಹಿ ಕೇಳಲೇಬೇಕು ಅನ್ನಿಸಿದರೆ ಸುಮ್ನೆ ಹಿಮಕರಡಿ ಚಿತ್ರ ಹಿಡಿದು ನಿಲ್ಲಬೇಡಿ. ಮೇಜಿನ ಮೇಲೆ ಎರಡು ಲೋಟ ನೀರಿಡಿ. ಒಂದರೊಳಗೆ ಐಸ್ ಹಾಕಿ, ಇನ್ನೊಂದರ ಬಾಯಿಗೆ ಜಾಲರಿ ಇಟ್ಟು ಅದರ ಮೇಲೆ ಐಸ್ ಇಡಿ. ಎರಡಕ್ಕೂ ಗೆರೆ ಎಳೆದು, ಕರಗುವ ತನಕ ಬಂದವರ ಜೊತೆ ಮಾತಾಡುತ್ತಿರಿ.