ಬಸಿರು, ಜಠರ, ಕಿಬ್ಬೊಟ್ಟೆ: ಹೊಟ್ಟೆಯ ಪದಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ತಮಿಳಿನಲ್ಲಿ ಹೊಟ್ಟೆಗೆ 'ವಯಿಱು' ಎನ್ನುತ್ತಾರೆ. ನಮ್ಮ 'ಬಸಿರು' ಇದೇ ಪದವೇ? ಹಾಗಿದ್ದರೆ ನಮ್ಮಲ್ಲಿ ಅದು ಗರ್ಭಕ್ಕೆ ಮಾತ್ರ ಏಕೆ ಉಳಿಯಿತು?

ಉತ್ತರ: ಇದೇ ಪದ. ಕಿವಿಗೆ ದೂರದ್ದೆನಿಸಿದರೂ ನಂಟನ್ನು ತೋರಿಸುವುದು ಕಷ್ಟವಲ್ಲ. ಎರಡೂ ಪದಗಳನ್ನು ಎದುರುಬದುರು ಇಟ್ಟು ಒಂದೊಂದೇ ಧ್ವನಿಯನ್ನು ನೋಡುತ್ತಾ ಹೋಗಬೇಕು.

ಮೊದಲ ಧ್ವನಿ: ತಮಿಳಿನ ಪದಾದಿಯ ವಕಾರ ಕನ್ನಡದಲ್ಲಿ ಬಕಾರ. ವಾಯ್-ಬಾಯಿ, ವೇರ್-ಬೇರು, ವಿಲ್-ಬಿಲ್ಲು, ವಿರಲ್-ಬೆರಳು. ನಡುವಿನ ಧ್ವನಿ: ತಮಿಳಿನಲ್ಲಿ ಯಕಾರ ಇರುವ ಕಡೆ ಕನ್ನಡದಲ್ಲಿ ಸಕಾರ. ಉಯಿರ್-ಉಸಿರು, ಪೆಯರ್-ಹೆಸರು, ಹೆಸರುಕಾಳಿನ 'ಹೆಸರು' ಕೂಡ ತಮಿಳಿನ 'ಪಯಱು'. ಕೊನೆಯದು ಱ, ಹಳಗನ್ನಡದಲ್ಲಿದ್ದ ಇನ್ನೊಂದು ಬಗೆಯ ರಕಾರ. ಹಳಗನ್ನಡದಲ್ಲಿ ಈ ಪದ 'ಬಸಿಱ್'. ಮುಂದೆ ಱಕಾರ ರಕಾರದಲ್ಲಿ ಸೇರಿಹೋಯಿತು. ವ್ಯಕ್ತಿಯ ಹೆಸರು, ಕಾಳಿನ ಹೆಸರು ಎರಡೂ ಇಂದು ಒಂದೇ ಕಾಗುಣಿತದಲ್ಲಿರುವುದಕ್ಕೂ ಇದೇ ಕಾರಣ. ಮೂರು ಕಡೆಯೂ ಧ್ವನಿಗಳು ಹೀಗೆ ಕ್ರಮವಾಗಿ ಹೊಂದಿದರೆ ಅದನ್ನು ಆಕಸ್ಮಿಕ ಎನ್ನಲಾಗದು.

ಇನ್ನು ಅರ್ಥ. ಹಳಗನ್ನಡದ 'ಬಸಿಱ್' ಹೊಟ್ಟೆಗೂ ಸಲ್ಲುತ್ತಿತ್ತು, ಗರ್ಭಕ್ಕೂ ಸಲ್ಲುತ್ತಿತ್ತು. 'ಪೊಟ್ಟೆ' (ತೆಲುಗಿನ 'ಪೊಟ್ಟ' ಇದರ ಜೊತೆಯದು) ಪಕಾರ ಹಕಾರವಾಗಿ 'ಹೊಟ್ಟೆ'ಯಾಯಿತು, ದಿನಬಳಕೆಯ ಜಾಗವನ್ನೆಲ್ಲ ಹಿಡಿಯಿತು. ಬಸಿರಿಗೆ ಗರ್ಭವೊಂದೇ ಉಳಿಯಿತು. ಇಂಗ್ಲಿಷಿನಲ್ಲೂ ಇದೇ ನಡೆದಿದೆ. ಗರ್ಭಕೋಶಕ್ಕೆ ಹೇಳುವ 'ವೂಂಬ್' ಹಳೆಯ ಇಂಗ್ಲಿಷಿನಲ್ಲಿ 'ವಂಬ್', ಅಂದರೆ ಹೊಟ್ಟೆ. ಯಾರ ಹೊಟ್ಟೆಯಾದರೂ ಸರಿ. ಚೀಲ ಎಂಬ ಅರ್ಥದ 'ಬೆಲಿಗ್' ಮುಂದೆ 'ಬೆಲ್ಲಿ'ಯಾಗಿ ಹೊಟ್ಟೆಯ ಹೆಸರಾದಾಗ 'ವೂಂಬ್' ಗರ್ಭಕ್ಕೆ ಸರಿಯಿತು. ಕಮ್ಮಾರನ ತಿದಿಗೆ ಹೇಳುವ 'ಬೆಲ್ಲೋಸ್' ಕೂಡ ಆ ಚೀಲದ ಪದವೇ.

ಇಲ್ಲಿ ತಪ್ಪಾಗುವುದು ಸದ್ದು ಕೇಳಿ ನಂಟು ಕಟ್ಟಿದಾಗ. ತುಳುವಿನಲ್ಲಿ ಹೊಟ್ಟೆಗೆ 'ಬಂಜಿ' ಎನ್ನುತ್ತಾರೆ. ಕನ್ನಡದ 'ಬಂಜೆ'ಗೂ ಅದಕ್ಕೂ ಸಂಬಂಧ ಕಲ್ಪಿಸುವವರಿದ್ದಾರೆ. 'ಬಂಜೆ' ಸಂಸ್ಕೃತದ 'ವಂಧ್ಯಾ' ಪದದ ತದ್ಭವ, ಬಂಜಿಯ ಮನೆತನವೇ ಬೇರೆ.

ಪ್ರಶ್ನೆ: ವೈದ್ಯಕೀಯ ವರದಿಗಳ ಕನ್ನಡದಲ್ಲಿ ಉದರ, ಜಠರ, ಕಿಬ್ಬೊಟ್ಟೆ ಎಲ್ಲವೂ ಬರುತ್ತವೆ. ಒಂದೇ ಅಂಗವೇ?

ಉತ್ತರ: ಅಲ್ಲ. ಈ ಗೊಂದಲದಿಂದ ಕೆಲವೊಮ್ಮೆ ತೊಂದರೆಯೇ ಆಗುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ.

ಉದರ ಎಂದರೆ ವಪೆಯ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆ) ಕೆಳಗಿನಿಂದ ಸೊಂಟದ ಮೂಳೆಯವರೆಗಿನ ಇಡೀ ಪೊಟರೆ, ಇಂಗ್ಲಿಷಿನ ಅಬ್ಡೊಮನ್. ಜಠರ ಅದರೊಳಗಿನ ಒಂದು ಅಂಗ, ಅನ್ನನಾಳದಿಂದ ಆಹಾರ ಬಂದು ಬೀಳುವ ಚೀಲ, ಅಂದರೆ ಸ್ಟಮಕ್. ಆದರೆ ಈ ಗೆರೆ ಎಳೆದದ್ದು ಇಂದಿನ ಪಠ್ಯಪುಸ್ತಕಗಳು. ಸಂಸ್ಕೃತದಲ್ಲಿ 'ಜಠರ'ಕ್ಕೆ ಹೊಟ್ಟೆ, ಗರ್ಭ ಎರಡೂ ಅರ್ಥ. ಇಂಗ್ಲಿಷಿನ ನಂಟಿನ, ಈಗ ಅಳಿದುಹೋದ ಗಾಥಿಕ್ ಭಾಷೆಯಲ್ಲಿ ಗರ್ಭ ಎಂಬರ್ಥದ 'ಕಿಲ್ಥೈ', ಇಂಗ್ಲಿಷಿನ 'ಚೈಲ್ಡ್' ಇದೇ ಮೂಲದವೆಂದು ಹಲವು ಭಾಷಾವಿದ್ವಾಂಸರು ಹೇಳುತ್ತಾರೆ. 'ಸ್ಟಮಕ್' ಕೂಡ ಜಾಗ ಬದಲಿಸಿದ ಪದ. ಗ್ರೀಕಿನಲ್ಲಿ 'ಸ್ಟೋಮ' ಬಾಯಿ, 'ಸ್ಟೊಮಾಖೋಸ್' ಮೊದಲಿಗೆ ಗಂಟಲು. ಗಂಟಲಿನಿಂದ ಜಠರದ ಬಾಯಿಗೆ, ಅಲ್ಲಿಂದ ಜಠರಕ್ಕೆ ಇಳಿಯಿತು. ಇಂಗ್ಲಿಷ್ ಮಾತಿನಲ್ಲಿ ಈಗ ಇಡೀ ಹೊಟ್ಟೆಗೂ ಅದನ್ನೇ ಹೇಳುವುದುಂಟು. ಹಾಗಾಗಿ 'ಸ್ಟಮಕ್ ಪೇನ್' ಎಂದು ಕಂಡಲ್ಲೆಲ್ಲ 'ಜಠರದ ನೋವು' ಎಂದು ಬರೆದರೆ ಕರುಳಿನ ನೋವೂ ಜಠರದ ಲೆಕ್ಕಕ್ಕೆ ಹೋಗುತ್ತದೆ. 'ಹೊಟ್ಟೆ ನೋವು' ಸಾಕು.

ಕಿಬ್ಬೊಟ್ಟೆಯನ್ನು ಅನುವಾದಕರು ಇಡೀ ಉದರಕ್ಕೆ ಬಳಸುತ್ತಿರುವುದು ಸರಿಯಲ್ಲ. ಕೆಳಗು ಎಂಬರ್ಥದ 'ಕಿೞ್' ಮತ್ತು 'ಪೊಟ್ಟೆ' ಸೇರಿ ಆದ ಪದವದು, ಹೊಕ್ಕುಳಿನ ಕೆಳಭಾಗಕ್ಕೆ ಮಾತ್ರ ಸಲ್ಲಬೇಕು. ಇಷ್ಟು ನಿಖರವಾದ ಪದ ಕೈಯಲ್ಲಿರುವಾಗ ಅದನ್ನು ಮಸುಕು ಮಾಡಿಕೊಳ್ಳಬಾರದು.

ವೈದ್ಯರು ಉದರವನ್ನು ಒಂಬತ್ತು ಮನೆಗಳಾಗಿ ನೋಡುತ್ತಾರೆ. ಎರಡೂ ಕೊರಳೆಲುಬುಗಳ (ಕಾಲರ್ ಬೋನ್) ತಂತಮ್ಮ ನಡುಬಿಂದುವಿನಿಂದ ಕೆಳಕ್ಕೆ ಎರಡು ಲಂಬಗೆರೆ, ಪಕ್ಕೆಲುಬಿನ ಅಂಚಿನ ಕೆಳಗೊಂದು, ಸೊಂಟದ ಮೂಳೆಗಳ ಮಟ್ಟದಲ್ಲೊಂದು ಅಡ್ಡಗೆರೆ ಎಳೆದುಕೊಳ್ಳಿ. ನಡುಸಾಲಿನ ಮೇಲಿನದು ಎಪಿಗ್ಯಾಸ್ಟ್ರಿಯಂ, 'ಹೊಟ್ಟೆಯ ಮೇಲಿನದು'. ಕೆಳಗಿನದು ಹೈಪೊಗ್ಯಾಸ್ಟ್ರಿಯಂ, 'ಹೊಟ್ಟೆಯ ಕೆಳಗಿನದು'. ಎರಡನೆಯದು ಅರ್ಥದಲ್ಲಿ ನಮ್ಮ ಕಿಬ್ಬೊಟ್ಟೆಯೇ. ಮೇಲುಸಾಲಿನ ಎಡಬಲದವು ಹೈಪೊಕಾಂಡ್ರಿಯಂ, ಅಂದರೆ ಪಕ್ಕೆಲುಬಿನ ಮೃದ್ವಸ್ಥಿಯ ಕೆಳಗಿನದು. ಇಲ್ಲದ ರೋಗದ ಭಯಕ್ಕೆ 'ಹೈಪೊಕಾಂಡ್ರಿಯ' ಎಂಬ ಹೆಸರು ಬಂದದ್ದು ಆ ಜಾಗದಿಂದ. ಮನಸ್ಸಿನ ಬೇಗುದಿ ಅಲ್ಲಿನ ಅಂಗಗಳಿಂದ ಏಳುತ್ತದೆಂದು ಹಿಂದಿನವರು ನಂಬಿದ್ದರು. ವರದಿಯಲ್ಲಿ ಎಡ, ಬಲ ಎಂದರೆ ರೋಗಿಯ ಎಡಬಲ, ನೋಡುವವರದ್ದಲ್ಲ. ನೋವನ್ನು ವೈದ್ಯರಿಗೆ ಹೇಳುವಾಗ ಅಂಗದ ಹೆಸರು ಊಹಿಸಬೇಡಿ. ಬೆರಳಿಟ್ಟು ಜಾಗ ತೋರಿಸಿ, ನೋವು ಎಲ್ಲಿ ಶುರುವಾಗಿ ಎಲ್ಲಿಗೆ ಸರಿಯಿತು ಎಂದೂ ಹೇಳಿ. ಅಪೆಂಡಿಕ್ಸ್ ಊದಿಕೊಂಡಾಗ ನೋವು ಹಲವರಲ್ಲಿ ಹೊಕ್ಕುಳಿನ ಸುತ್ತ ಶುರುವಾಗಿ ಆಮೇಲೆ ಬಲಗಡೆ ಕೆಳಕ್ಕೆ ಇಳಿಯುತ್ತದೆ.

ಇನ್ನೊಂದು ಎಚ್ಚರ: ಕನ್ನಡ ಪಠ್ಯಗಳಲ್ಲಿ 'ಗುಲ್ಮ' ಎಂದರೆ ಸ್ಪ್ಲೀನ್ ಎಂಬ ಅಂಗ, ಆಯುರ್ವೇದದಲ್ಲಿ ಅದು ಹೊಟ್ಟೆಯಲ್ಲಿ ಗಡ್ಡೆ ಕಟ್ಟುವ ರೋಗ. ಆಯುರ್ವೇದದಲ್ಲಿ ಆ ಅಂಗದ ಹೆಸರು 'ಪ್ಲೀಹಾ', ಗ್ರೀಕಿನ 'ಸ್ಪ್ಲೇನ್'ಗೆ ರಕ್ತಸಂಬಂಧಿ. ಹಾಗೆಯೇ 'ಯಕೃತ್' ಗ್ರೀಕಿನ 'ಹೇಪಾರ್', ಲ್ಯಾಟಿನ್ನಿನ 'ಯೇಕುರ್'ಗಳ ಒಡಹುಟ್ಟು.

ಪ್ರಶ್ನೆ: ಸಣ್ಣ ಕರುಳಿನ ಮೊದಲ ಭಾಗ 'ಡ್ಯುಯೊಡಿನಂ'ಗೂ ಹನ್ನೆರಡು ಎಂಬ ಸಂಖ್ಯೆಗೂ ಏನು ಸಂಬಂಧ?

ಉತ್ತರ: ಅಳತೆಯ ಸಂಬಂಧ. ಕ್ರಿ.ಪೂ. 3ನೇ ಶತಮಾನದ ಹೊತ್ತಿಗೆ ಅಲೆಕ್ಸಾಂಡ್ರಿಯದಲ್ಲಿದ್ದ ಗ್ರೀಕ್ ವೈದ್ಯ ಹೆರೋಫಿಲಸ್ ಆ ಭಾಗವನ್ನು ಹನ್ನೆರಡು ಬೆರಳಿನದ್ದು ಎಂದು ಕರೆದ. ಬೆರಳನ್ನು ಅಡ್ಡಕ್ಕೆ ಹಿಡಿದ ಅಳತೆಯಿದು, ಉದ್ದಕ್ಕಲ್ಲ. ಒಂದು ಬೆರಳಿನ ಅಗಲ ಸುಮಾರು 2 ಸೆಂ.ಮೀ. ಎಂದರೆ 24 ಸೆಂ.ಮೀ. ಆಯಿತು. ಇಂದಿನ ಪುಸ್ತಕಗಳು ಹೇಳುವುದು ಸುಮಾರು 25! ಅರಬ್ಬಿ ವೈದ್ಯರು ಹನ್ನೆರಡನ್ನು ಹಾಗೇ ಉಳಿಸಿಕೊಂಡರು, ಲ್ಯಾಟಿನ್ ಅನುವಾದಕರು 'ಡ್ಯುಯೊಡಿನಂ' ಎಂದರು. ಜರ್ಮನ್, ರಷ್ಯನ್, ಜಪಾನಿ ಭಾಷೆಗಳಲ್ಲಿ ಇಂದಿಗೂ ಅದು ಹನ್ನೆರಡು ಬೆರಳಿನ ಕರುಳು.

ಅದರ ಮುಂದಿನ 'ಜೆಜುನಂ' ಎಂದರೆ ಖಾಲಿಯದು, ಉಪವಾಸದ್ದು. ಶವ ಕೊಯ್ದಾಗ ಆ ಭಾಗ ಬರಿದಾಗಿ ಕಾಣುತ್ತಿತ್ತು. ದೊಡ್ಡ ಕರುಳಿನ ಮೊದಲ ಭಾಗ 'ಸೀಕಂ' ಎಂದರೆ ಕುರುಡು, ಒಂದು ತುದಿ ಮುಚ್ಚಿದ ಚೀಲವಾದ್ದರಿಂದ. ಜಠರದ ಕೊನೆಯ 'ಪೈಲೋರಸ್' ಗ್ರೀಕಿನಲ್ಲಿ ಬಾಗಿಲು ಕಾಯುವವನು. ಅರೆದ ಆಹಾರವನ್ನು ಸ್ವಲ್ಪಸ್ವಲ್ಪವೇ ಬಿಡುವ ಸ್ನಾಯುವಿಗೆ ಇದಕ್ಕಿಂತ ತಕ್ಕ ಹೆಸರಿಲ್ಲ. ತಪ್ಪಿದ ಹೆಸರು ದೊಡ್ಡ ಕರುಳಿನ ಕೊನೆಯ ಭಾಗದ್ದು: 'ರೆಕ್ಟಂ', ನೇರವಾದದ್ದು. ಪ್ರಾಚೀನ ಗ್ರೀಕ್ ವೈದ್ಯ ಗೇಲನ್ ಕೊಯ್ದು ನೋಡಿದ್ದು ಪ್ರಾಣಿಗಳನ್ನು, ಅವುಗಳಲ್ಲಿ ಅದು ನೇರ, ಮನುಷ್ಯರಲ್ಲಿ ಬಾಗಿದೆ.

ಪ್ರಶ್ನೆ: 'ಒಡಹುಟ್ಟು' ಪದದಲ್ಲಿರುವುದು 'ಒಡಲು' ತಾನೇ?

ಉತ್ತರ: ಅಲ್ಲ, 'ಒಡ' ಎಂದರೆ ಜೊತೆ. ಒಡನೆ, ಒಡನಾಡಿ, ಒಡಂಬಡಿಕೆಗಳಲ್ಲಿರುವುದೇ ಇದು, ತಮಿಳಿನ 'ಉಡನ್'. ಒಡಲು ತಮಿಳಿನ 'ಉಡಲ್', ಅಲ್ಲಿ ಇಡೀ ಮೈ. ಕನ್ನಡದಲ್ಲಿ ಮೈ, ಹೊಟ್ಟೆ ಎರಡೂ. ಹೊಟ್ಟೆ ನಿಜವಾಗಿ ಅಡಗಿರುವುದು 'ಸಹೋದರ'ದಲ್ಲಿ: ಸಹ ಮತ್ತು ಉದರ, ಒಂದೇ ಬಸಿರಿನವನು. ಗ್ರೀಕರ 'ಅಡೆಲ್ಫೋಸ್' ಕೂಡ ಹೀಗೆಯೇ ಕಟ್ಟಿದ ಪದ. 'ಡೆಲ್ಫಿಸ್' ಎಂದರೆ ಗರ್ಭ.

ಪ್ರಶ್ನೆ: ಮರುಕವನ್ನು 'ಕರುಳು' ಎನ್ನುವುದು ಕನ್ನಡದಲ್ಲಿ ಮಾತ್ರವೇ?

ಉತ್ತರ: ಇಲ್ಲ. ಗ್ರೀಕಿನಲ್ಲಿ 'ಸ್ಪ್ಲಾಂಖ್ನ' ಎಂದರೆ ಒಳಅಂಗಗಳು, ಅದರಿಂದಾದ ಕ್ರಿಯಾಪದಕ್ಕೆ ಕನಿಕರಪಡು ಎಂಬ ಅರ್ಥ. ಹೀಬ್ರೂವಿನಲ್ಲಿ 'ರೆಹೆಮ್' ಗರ್ಭ, 'ರಹಮಿಮ್' ದಯೆ. ಅರಬ್ಬಿಯ 'ರಹಿಮ್', 'ರಹ್ಮಾ' ಜೋಡಿಯೂ ಹೀಗೆಯೇ. ಲ್ಯಾಟಿನ್ನಿನಲ್ಲಿ ಮಾತ್ರ 'ಸ್ಟೊಮಾಕಸ್' ಸಿಟ್ಟಿನ ಕಡೆ ಹೋಯಿತು. ನಮ್ಮಲ್ಲಿ ಹೊಟ್ಟೆಗೆ ಎರಡೂ ಇವೆ: ಉರಿದರೆ ಹೊಟ್ಟೆಕಿಚ್ಚು, ಕ್ಷಮಿಸಿದರೆ ಹೊಟ್ಟೆಗೆ ಹಾಕಿಕೊಂಡ ಹಾಗೆ. ಮಲಯಾಳದಲ್ಲಿ ನಮ್ಮ ಕರುಳಿನ ಜೊತೆಪದ 'ಕರಳ್'. ಅಲ್ಲಿ ಅದು ಯಕೃತ್ತಿನ ಹೆಸರು, ಪ್ರೀತಿಪಾತ್ರರನ್ನು ಕರೆಯುವ ಮಾತೂ ಹೌದು.